ಯಾರೂ ನೋಡದ ದೀಪಾಲಂಕಾರ

"ಏನ್ ಸಾಹೇಬ್ರ, ನಿಮ್ಮ ಮನ್ಯಾಗ ರಾತ್ರಿಯೆಲ್ಲಾ ಉರೂಸ ನಡದೈತೇನು?"

ಮೇಲವಂಕಿಯಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನನ್ನನ್ನು ನೆರೆಯ ರೈತರೊಬ್ಬರು ಹೀಗೆ ಕೇಳಿದರು. ಅವರ ಪಾಳಿಗೆ ತ್ರೀಫೇಸ್ ಕರೆಂಟು ಬಂದದ್ದು ರಾತ್ರಿ. ಕಬ್ಬಿಗೆ ನೀರು ಹಾಯಿಸಿ ಎರಡು ಗಂಟೆಗೆ ಮರಳುವಾಗ ನಮ್ಮ ಕಿಟಕಿಯಲ್ಲಿ ಕೆಂಪು, ಹಸಿರು, ನೇರಳೆ ಬೆಳಕಿನ ಮೆರವಣಿಗೆ ಕಂಡಿದ್ದರು. ಒಳಗೆ ಉರೂಸೂ ಇರಲಿಲ್ಲ, ಮದುವೆಯೂ ಇರಲಿಲ್ಲ. ಅಕ್ಕನ ಮಗ ಗೇಮ್ ಮುಗಿಸಿ, ಕಂಪ್ಯೂಟರ್ ಬಂದ್ ಮಾಡಿ ಮಲಗಿ ಎರಡು ತಾಸಾಗಿತ್ತು. ಪೆಟ್ಟಿಗೆ ಮಾತ್ರ ಖಾಲಿ ಕೋಣೆಯಲ್ಲಿ ಕುಣಿಯುತ್ತಿತ್ತು.

"ಅದು ಎಲ್‌ಇಡಿ ಮಾಮೂ, ಕರೆಂಟ್ ತಿನ್ನೂದಿಲ್ಲ" ಎಂದ ಹುಡುಗ.

ಕಡಿಮೆ ತಿನ್ನುತ್ತದೆ ಎನ್ನುವುದು ನಿಜ. ತಿನ್ನುವುದೇ ಇಲ್ಲ ಎನ್ನುವುದು ಸುಳ್ಳು. ಲೆಕ್ಕ ಹಾಕೋಣ. ಪೆಟ್ಟಿಗೆಯೊಳಗಿನ ಒಂದೊಂದು ಪುಟ್ಟ ದೀಪದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಇರುತ್ತವೆ. ಮೂರೂ ಪೂರ್ತಿ ಉರಿದು ಬಿಳಿಯಾದರೆ ಸುಮಾರು 0.3 ವಾಟ್. ಫ್ಯಾನು, ಪಟ್ಟಿ ಎಲ್ಲ ಸೇರಿ ನೂರು ದೀಪಗಳಾದರೆ 30 ವಾಟ್. ದಿನಕ್ಕೆ 8 ತಾಸಿನಂತೆ ತಿಂಗಳಿಗೆ 7.2 ಯೂನಿಟ್. ಕಂಪ್ಯೂಟರ್ ಆರಿಸಿದರೂ ಅನೇಕ ಮದರ್‌ಬೋರ್ಡ್‌ಗಳು ದೀಪಗಳಿಗೆ ಕರೆಂಟು ಹರಿಸುತ್ತಲೇ ಇರುತ್ತವೆ. ಉಳಿದ 16 ತಾಸು 10 ವಾಟ್ ಎಂದರೂ ಇನ್ನು 4.8 ಯೂನಿಟ್. ಒಟ್ಟು 12. ಐದು ಅಶ್ವಶಕ್ತಿಯ ಪಂಪು ಸುಮಾರು ಮೂರು ತಾಸು ಓಡುವಷ್ಟು! ಆ ಮೂರು ತಾಸಿಗಾಗಿಯೇ ನಮ್ಮ ನೆರೆಯವರು ಹಾವು ಚೇಳಿಗೆ ಅಂಜದೆ ಕತ್ತಲಲ್ಲಿ ಹೊಲಕ್ಕೆ ಹೋಗುತ್ತಾರೆ.

ಆದರೆ ಹುಡುಗನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಅವನಿಗೆ ಬುದ್ಧಿ ಹೇಳುವ ನಾವು ಹಿರಿಯರೇ ಮದುವೆಗೆ ಓಣಿ ತುಂಬ ಸೀರಿಯಲ್ ಸೆಟ್ ಹಾಕಿಸುತ್ತೇವೆ. ಗೇಮ್ ಆಡುವಾಗ ಅದೇ ಪೆಟ್ಟಿಗೆಯ ಗ್ರಾಫಿಕ್ಸ್ ಕಾರ್ಡು ಈ ದೀಪಗಳ ಹತ್ತು ಪಟ್ಟು ತಿನ್ನಬಲ್ಲದು. ಅದಾದರೂ ಏನೋ ಕೆಲಸ ಮಾಡುತ್ತದೆ. ಮನುಷ್ಯನಿಗೆ ಬಣ್ಣ ಬೇಕು, ಸಂತೋಷ ಅಪರಾಧವಲ್ಲ. ನನ್ನ ತಕರಾರು ಯಾರೂ ನೋಡದ ಅಲಂಕಾರದ ಮೇಲೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂದದ್ದು ವಿದ್ಯುತ್ ಉಳಿಸುವ ಬಿಳಿ ಬೆಳಕಿಗೆ ದಾರಿ ತೆರೆದರೆಂದು. ಉಳಿಸಲು ಹುಟ್ಟಿದ ದೀಪವನ್ನೇ ನಾವು ಪೋಲು ಮಾಡಲು ನೆಪ ಮಾಡಿಕೊಂಡಿದ್ದೇವೆ.

ದೊಡ್ಡ ತಪ್ಪು ಮಾರುವವರದು. ಡಬ್ಬಿಯ ಮೇಲೆ "1 ಕೋಟಿ 67 ಲಕ್ಷ ಬಣ್ಣಗಳು" ಎಂದು ದಪ್ಪಕ್ಷರದಲ್ಲಿ ಸಾರುವವರು ವಾಟ್ ಎಷ್ಟೆಂದು ಅಷ್ಟೇ ದಪ್ಪವಾಗಿ ಏಕೆ ಬರೆಯುವುದಿಲ್ಲ? ಫ್ರಿಜ್ಜಿನ ಬಾಗಿಲಿಗೆ ನಕ್ಷತ್ರದ ಚೀಟಿ ಅಂಟಿಸುವ ದೇಶ ಇದನ್ನೂ ಕೇಳಬಾರದೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಸುಮ್ಮನೆ ಕೂತ ಕಂಪ್ಯೂಟರ್ ಎಷ್ಟು ತಿನ್ನಬಹುದೆಂದು ಮಿತಿ ಹಾಕಿತು. 2021ರಲ್ಲಿ ಆ ನಿಯಮ ಬಿಗಿಯಾದಾಗ ಡೆಲ್ ಕಂಪನಿ ತನ್ನ ಕೆಲವು ಗೇಮಿಂಗ್ ಕಂಪ್ಯೂಟರುಗಳನ್ನು ಅಲ್ಲಿಗೆ ಕಳಿಸುವುದನ್ನೇ ನಿಲ್ಲಿಸಬೇಕಾಯಿತು.

ನಮ್ಮಲ್ಲಿ 2023ರಲ್ಲಿ ಗೃಹಜ್ಯೋತಿ ಬಂತು. ಬಡವರ ಮನೆಗೆ ಅದು ದೊಡ್ಡ ಆಸರೆ, ಅದನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಮೀಟರು ಸೊನ್ನೆಯಾಗುವುದಿಲ್ಲ. ನಾವು ಕೊಡದ ಹಣವನ್ನು ಇನ್ನಾರೋ ಕೊಡುತ್ತಿರುತ್ತಾರೆ.

ಹುಡುಗನೂ ನಾನೂ ಕೂತು ಬಯೋಸ್‌ನಲ್ಲಿ ಹುಡುಕಿದೆವು. ಆರಿಸಿದ ಮೇಲೆ ದೀಪ ಉರಿಯಬಾರದೆಂಬ ಆಯ್ಕೆ ಅಲ್ಲೇ ಅಡಗಿತ್ತು. ಹತ್ತು ನಿಮಿಷದ ಕೆಲಸ. ಆಡುವಾಗ ಒಂದೇ ಬಣ್ಣ, ಮಂದ ಬೆಳಕು ಸಾಕೆಂದು ಅವನೇ ಒಪ್ಪಿದ.

ಈಗ ರಾತ್ರಿ ಎರಡಕ್ಕೆ ಆ ಕಿಟಕಿ ಕತ್ತಲು. ಓಣಿಯಲ್ಲಿ ಬೆಳಕೆಂದರೆ ಹೊಲದಿಂದ ಮರಳುವವರ ಕೈಯಲ್ಲಿನ ಬ್ಯಾಟರಿ ಮಾತ್ರ. ಬೆಳಕು ಬೇಕಾದದ್ದೂ ಅಲ್ಲಿಯೇ.