‘ಮಕ್ಕಳು ಓದಲೇಬೇಕಾದ 10 ಫ್ಯಾಂಟಸಿ ಪುಸ್ತಕಗಳು’: ಈ ಪಟ್ಟಿಯನ್ನು ನಂಬಬಹುದೆ?

ದೇವಸುಗೂರಿನಲ್ಲಿರುವ ಅಕ್ಕ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದಳು. ಮಕ್ಕಳಿಗೆ ಫ್ಯಾಂಟಸಿ ಮತ್ತು ವೈಜ್ಞಾನಿಕ ಕಾದಂಬರಿಗಳಂತೆ. ಕೆಳಗೆ ಅವಳ ಪ್ರಶ್ನೆ: “ಆರನೇ ಕ್ಲಾಸಿನ ಹುಡುಗಗ ಇದ್ರಾಗ ಯಾವುದು ಕೊಡಸ್ಲಿ? ಹೊಲಸು, ಕಡಿಯೋದು ಬಡಿಯೋದು ಇರಬಾರದು ನೋಡಪ್ಪ.”

ಪಟ್ಟಿಯ ಮೂರನೇ ಹೆಸರು ‘ಎ ಗೇಮ್ ಆಫ್ ಥ್ರೋನ್ಸ್’. 1996ರ ಈ ಕಾದಂಬರಿಯಲ್ಲಿ ಡ್ರ್ಯಾಗನ್ ಇದೆ, ನಿಜ. ಬರ್ಬರ ಕೊಲೆ, ಲೈಂಗಿಕ ಹಿಂಸೆಯೂ ಇವೆ. ಅದು ದೊಡ್ಡವರ ಪುಸ್ತಕ. ಪಟ್ಟಿ ಮಾಡಿದವರು ಅದನ್ನು ಓದಿದಂತೆ ಕಾಣುವುದಿಲ್ಲ.

ಸಿನಿಮಾಕ್ಕಾದರೆ ‘ಯು’, ‘ಎ’ ಎಂಬ ಪ್ರಮಾಣಪತ್ರವಿದೆ. ಪುಸ್ತಕಕ್ಕೆ ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ‘ಫ್ಯಾಂಟಸಿ’ ಎನ್ನುವುದು ಕಥೆಯ ಬಗೆಯನ್ನು ಹೇಳುತ್ತದೆ, ಓದುಗರ ವಯಸ್ಸನ್ನಲ್ಲ. ಒಂದೇ ಸರಣಿಯೊಳಗೂ ವ್ಯತ್ಯಾಸವಿರುತ್ತದೆ: ಹ್ಯಾರಿ ಪಾಟರ್‌ನ ಮೊದಲ ಪುಸ್ತಕ (1997) ಹತ್ತು-ಹನ್ನೊಂದರ ಮಕ್ಕಳಿಗೆ ಸರಿ. ನಾಲ್ಕನೆಯದರಲ್ಲಿ (2000) ಹ್ಯಾರಿಯ ಕಣ್ಣೆದುರೇ ಒಬ್ಬ ವಿದ್ಯಾರ್ಥಿಯ ಕೊಲೆಯಾಗುತ್ತದೆ. ಹಾಗಾಗಿ ಪೂರ್ತಿ ಸೆಟ್ ಒಮ್ಮೆಲೇ ಕೊಡಿಸುವ ಮುನ್ನ ಯೋಚಿಸಿ.

ಹಾಗಾದರೆ ಏನು ಕೊಡಿಸುವುದು? ಅಕ್ಕನಿಗೆ ನಾನು ಹೇಳಿದ್ದು ಎರಡೇ.

ಒಂದು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980). ಇದು ಅಪ್ಪಟ ವೈಜ್ಞಾನಿಕ ಕಾದಂಬರಿಯಲ್ಲ, ಆದರೆ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗಿಳಿಯುವ ವಿಜ್ಞಾನಿಯ ಕಥೆ. ಹಾರುವ ಓತಿ ಕಟ್ಟುಕಥೆಯಲ್ಲ. ಪಶ್ಚಿಮ ಘಟ್ಟದಲ್ಲಿ ಇಂದಿಗೂ ಇದೆ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಪುಸ್ತಕದಲ್ಲಿ ಸಾರಾಯಿ, ಪೊಲೀಸರ ಪ್ರಸ್ತಾಪ ಬರುತ್ತದೆ, ಮೊದಲೇ ತಿಳಿದಿರಲಿ.

ಇನ್ನೊಂದು, ಬೇಗಂ ರೊಕೇಯಾ ಅವರ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂದ ಇಂಗ್ಲಿಷ್ ಕಥೆ. ಒಂದೇ ಕೂತಲ್ಲಿ ಓದಿ ಮಗುವಿಗೆ ಕನ್ನಡದಲ್ಲಿ ಹೇಳಬಹುದು. ಹೆಂಗಸರೇ ಆಳುವ ಆ ನಾಡಿನಲ್ಲಿ ಅಡುಗೆ ಬಿಸಿಲಿನಿಂದ, ಶತ್ರುಸೇನೆಯನ್ನು ಓಡಿಸುವುದೂ ಬಿಸಿಲಿನಿಂದಲೇ. ಯುದ್ಧವಿದೆ, ರಕ್ತಪಾತದ ವರ್ಣನೆಯಿಲ್ಲ.

ಅಕ್ಕ ಮೊದಲು ಹೇಳಿದ್ದು ಇದನ್ನೇ. ಅವರ ಮನೆಯ ಪಕ್ಕದಲ್ಲೇ ಶಕ್ತಿನಗರ. 1985ರಿಂದ ಅಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಾರೆ, ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ರಾಯಚೂರಿನ ಬಿಸಿಲು ಕೇಳಬೇಕೆ! ಕಥೆ ಮುಗಿಯುವ ಮುಂಚೆಯೇ ಹುಡುಗ ಕೇಳಿದನಂತೆ: “ಇಷ್ಟು ಬಿಸ್ಲಿದ್ರೂ ನಮ್ಮೂರಿಗೆ ರೈಲಿನಾಗ ಕಲ್ಲಿದ್ಲು ಯಾಕ ತರ್ತಾರ?”