ಲಕ್ವ, ಮರೆವು ಮತ್ತು ರಕ್ತದ ಭವಿಷ್ಯ

ಲಕ್ವ ಹೊಡೆದವರಿಗೆ ಮುಂದೆ ಮರೆವು ಬರುತ್ತದೋ ಇಲ್ಲವೋ ಅಂತ ರಕ್ತ ನೋಡಿ ಮೊದಲೇ ಹೇಳಬಹುದಾ? ಈ ಬಗ್ಗೆ ಬಹಳ ಸಂಶೋಧನೆ ನಡೆಯುತ್ತಿದೆ. ಓದುತ್ತಾ ಹೋದಂತೆ ನನ್ನ ಯೋಚನೆ ಮಾತ್ರ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೇ ಓಡುತ್ತಿತ್ತು.

ನಮ್ಮ ಕಡೆ ಲಕ್ವ ಅಂದರೆ ಕೈಕಾಲು, ಬಾಯಿ, ಅಷ್ಟೇ. ಮಳವಳ್ಳಿ ಹತ್ತಿರದ ನಮ್ಮ ದೊಡ್ಡಪ್ಪ ಕೆಲವೇ ತಿಂಗಳಲ್ಲಿ ಎದ್ದು ಓಡಾಡಿದರು. "ಕೈಕಾಲು ಬಂತಲ್ಲ, ಇನ್ನೇನ್ ಬೇಕಪ್ಪ" ಅಂದರು ದೊಡ್ಡಮ್ಮ. ಆದರೆ ಡೈರಿಗೆ ಹಾಕಿದ ಹಾಲಿನ ಲೆಕ್ಕ ತಪ್ಪತೊಡಗಿತು. ಕಬ್ಬಿನ ದುಡ್ಡು ಯಾರಿಗೆ ಕೊಟ್ಟೆ ಅನ್ನೋದೇ ನೆನಪಿಲ್ಲ. ಮನೆಯವರು ಒಂದು ದಿನ ಮೈಗಳ್ಳತನ ಅಂತ ಬೈದರು, ಇನ್ನೊಂದು ದಿನ ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನಾದರು. ಎರಡೂ ಅಲ್ಲ. ಲಕ್ವದಿಂದ ಪಾರಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ನೆನಪು, ಗಮನ, ಲೆಕ್ಕಾಚಾರದಲ್ಲಿ ಹೀಗೆ ಏನಾದರೂ ಕುಂದು ಉಳಿಯುತ್ತದೆ.

ರಕ್ತದ ವಿಷಯಕ್ಕೆ ಬರೋಣ. ಮೆದುಳಿನ ನರತಂತು ಹಾಳಾದಾಗ ನ್ಯೂರೋಫಿಲಮೆಂಟ್ ಲೈಟ್ ಅನ್ನುವ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಲಕ್ವದ ನಂತರ ಅದು ಹೆಚ್ಚಿರುವವರ ಗುಂಪಿನಲ್ಲಿ ಮುಂದೆ ಮರೆವೂ ಹೆಚ್ಚು ಕಂಡಿದೆ. ಸರಿ. ಆದರೆ ಗುಂಪಿಗೆ ನಿಜವಾದದ್ದು ನಿಮ್ಮ ಅಪ್ಪನಿಗೂ ನಿಜವಾಗಬೇಕಿಲ್ಲ. ವಯಸ್ಸಾದಂತೆ ಅದು ತಾನೇ ಏರುತ್ತದೆ, ಕಿಡ್ನಿ ಸೋತರೂ ಏರುತ್ತದೆ. ಶುಗರ್ ಇರುವ, ಕಿಡ್ನಿ ಕೆಟ್ಟ ರೋಗಿಯ ರಿಪೋರ್ಟನ್ನು ಹೇಗೆ ಓದುವುದು? 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ರಕ್ತಪರೀಕ್ಷೆ ಕೂಡ ಆಲ್‌ಝೈಮರ್ ಪತ್ತೆಗೆ, ಅದೂ ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ. ಲಕ್ವದವರ ಭವಿಷ್ಯ ಹೇಳಲು ಅಲ್ಲ.

ಸಂಶೋಧನೆ ಬೇಡ ಅನ್ನುತ್ತಿಲ್ಲ. ಆಗಲಿ, ನಮ್ಮ ಜನರ ರಕ್ತವನ್ನೂ ಸೇರಿಸಿಕೊಂಡು ಆಗಲಿ. ಆದರೆ ಇವತ್ತೇ ಮರೆತಿದ್ದಾರಾ ಅಂತ ಕೇಳದೆ, ನಾಳೆ ಮರೆಯುತ್ತಾರಾ ಅಂತ ರಕ್ತವನ್ನು ಕೇಳಿ ಏನು ಪ್ರಯೋಜನ?

ಕೇಳುವುದಕ್ಕೂ ಒಂದು ರೀತಿ ಇದೆ. ಪೆನ್ನೇ ಹಿಡಿಯದ ರೈತನ ಕೈಗೆ ಕಾಗದ ಕೊಟ್ಟು ಗಡಿಯಾರ ಬರೆಯಿರಿ ಅಂದರೆ ಅವನು ಸೋಲುವುದು ಮರೆವಿನಿಂದಲ್ಲ. ಓದು ಬಾರದವರನ್ನೂ ಗಮನದಲ್ಲಿಟ್ಟು ಐಸಿಎಂಆರ್ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಮಾಡಿಸಿದೆ. ಮಂಡ್ಯದ ಮಿಮ್ಸ್‌ನಿಂದ ಹಿಡಿದು ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳವರೆಗೆ, ಲಕ್ವದವರು ಬಿಪಿ ಮಾತ್ರೆಗೆ ಬಂದಾಗಲೆಲ್ಲ ಮರೆವಿನ ಬಗ್ಗೆಯೂ ಕೇಳುವಂತಾಗಬೇಕು.

ಹಳೆಯ ಅಗ್ಗದ ರಕ್ತಪರೀಕ್ಷೆಗಳಂತೂ ಇದ್ದೇ ಇವೆ: ಶುಗರ್, ಕೊಲೆಸ್ಟರಾಲ್, ಬಿ12. ಅವು ಭವಿಷ್ಯ ಹೇಳುವುದಿಲ್ಲ, ಆದರೆ ಏನು ಸರಿಪಡಿಸಬೇಕು ಅಂತ ಹೇಳುತ್ತವೆ. ಎರಡನೇ ಸಲ ಲಕ್ವ ಹೊಡೆದರೆ ಮರೆವಿನ ಅಪಾಯ ಇನ್ನೂ ಹೆಚ್ಚುತ್ತದೆ. ಅದನ್ನು ತಡೆಯಲು ಬಿಪಿ ಹತೋಟಿಯಲ್ಲಿರಬೇಕು, ಮಾತ್ರೆ ತಪ್ಪಬಾರದು, ಬೀಡಿ ಬಿಡಬೇಕು.

ನಿಮ್ಮ ಮನೆಯಲ್ಲೂ ಲಕ್ವದಿಂದ ಎದ್ದವರಿದ್ದರೆ ಅವರ ಲೆಕ್ಕ, ಮಾತು, ಮಾತ್ರೆ ಸ್ವಲ್ಪ ಗಮನಿಸಿ. ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಬಾಗಿಲಿಗೆ ಬರುವ ಮೊದಲೇ ಗಮನಿಸಿ.

ನೀವೇನಂತೀರಿ?