ಅನ್ಯೋನ್ಯತೆಯೂ ಸೇವೆಯೂ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಗಾದೆಯೇನೋ ಸುಳ್ಳಲ್ಲ. ಆದರೆ ಊಟದ ಹಿತಮಿತಗಳನ್ನು ಚೆನ್ನಾಗಿ ಬಲ್ಲವರಾಗಿದ್ದೂ, ಇತರರಿಗೆ ಅವುಗಳನ್ನು ಬೋಧಿಸಲು ಶಕ್ತರಾಗಿದ್ದೂ, ತಮ್ಮ ಕೈಯನ್ನು ತಾವೇ ತಡೆಯಲಾರದೆ ನರಳುವವರು ಲೋಕದಲ್ಲಿ ಅನೇಕರುಂಟು. ಅವರು ಹಸಿವಿಲ್ಲದಿದ್ದರೂ ತಿನ್ನುವರು; ಹೊಟ್ಟೆ ತುಂಬಿದ ಮೇಲೂ ತಿನ್ನುವರು; ಮನೆಮಂದಿಯೆಲ್ಲ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಒಬ್ಬರೇ ನಿಂತು ತಿನ್ನುವರು; ಆಮೇಲೆ ತಮ್ಮನ್ನು ತಾವೇ ಹಳಿದುಕೊಂಡು, ನಾಳೆಯಿಂದ ಹೀಗಾಗಕೂಡದೆಂದು ಆಣೆಯಿಟ್ಟುಕೊಳ್ಳುವರು. ನಾಳೆ ಬರುವುದು, ಆಣೆ ಮುರಿಯುವುದು. ಇಂತಹವರಲ್ಲಿ ನಮ್ಮ ಶಾಲೆಯಲ್ಲಿ ಓದಿದ ಸೋದರಿಯರು ಯಾರೂ ಇಲ್ಲವೆಂದು ಯಾರು ತಾನೆ ಹೇಳಬಲ್ಲರು? ಅವರನ್ನೂ ಅವರ ತಾಯ್ತಂದೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಜನರು ಇದಕ್ಕೆ ಇಟ್ಟಿರುವ ಹೆಸರು ಹೊಟ್ಟೆಬಾಕತನ. ಪೂರ್ವದ ಸಭಾಗುರುಗಳು ಹೊಟ್ಟೆಬಾಕತನವನ್ನು ಏಳು ಮಹಾಪಾಪಗಳಲ್ಲಿ ಒಂದೆಂದು ಎಣಿಸಿದರು. ಆದರೆ ರುಚಿಗೆ ಮನಸೋತು ಹಬ್ಬದ ದಿನ ಎರಡು ಕಜ್ಜಾಯ ಹೆಚ್ಚಾಗಿ ತಿನ್ನುವುದು ಬೇರೆ, ರುಚಿಯೂ ತಿಳಿಯದಷ್ಟು ಅವಸರದಲ್ಲಿ, ನಿಲ್ಲಿಸಬೇಕೆಂದರೂ ನಿಲ್ಲಿಸಲಾರದೆ ತಿನ್ನುವುದು ಬೇರೆ. ಅಮೆರಿಕದ ಮನೋರೋಗವೈದ್ಯರ ಸಂಘವು 2013ರಲ್ಲಿ ಹೊರತಂದ ತನ್ನ ರೋಗನಿರ್ಣಯ ಗ್ರಂಥದ ಐದನೆಯ ಆವೃತ್ತಿಯಲ್ಲಿ ಇಂತಹ ಅತಿಭೋಜನವನ್ನು ಪ್ರತ್ಯೇಕವಾದ ಒಂದು ವ್ಯಾಧಿಯೆಂದು ಗಣಿಸಿತು. ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ, ಹಿಡಿತ ತಪ್ಪಿ ಅತಿಯಾಗಿ ತಿಂದು ಮನೋವ್ಯಥೆಗೆ ಒಳಗಾಗುವುದು ಅದರ ಲಕ್ಷಣವೆಂದು ಅಲ್ಲಿ ಹೇಳಿದೆ. ಸ್ಥೂಲಕಾಯರೆಲ್ಲರಿಗೂ ಈ ವ್ಯಾಧಿಯಿಲ್ಲ. ಈ ವ್ಯಾಧಿಯುಳ್ಳವರೆಲ್ಲರೂ ಸ್ಥೂಲಕಾಯರಲ್ಲ. ಆದುದರಿಂದ ಹೊರಗಿನ ಆಕಾರವನ್ನು ನೋಡಿ ಒಳಗಿನ ವ್ಯಥೆಯನ್ನು ಅಳೆಯುವುದು ಸಾಧ್ಯವಿಲ್ಲ.

ಇಂತಹವರು ತಮ್ಮತಮ್ಮೊಳಗೆ ಕಟ್ಟಿಕೊಂಡ ಒಂದು ಸಂಘವುಂಟು. ಅದಕ್ಕೆ ಓವರ್‌ಈಟರ್ಸ್ ಅನಾನಿಮಸ್, ಎಂದರೆ ಹೆಸರು ಹೇಳಿಕೊಳ್ಳದ ಅತಿಭೋಜಿಗಳು, ಎಂದು ಹೆಸರು. 1960ನೆಯ ಇಸವಿಯ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಮೂವರು ಸ್ತ್ರೀಯರು ಇದನ್ನು ಆರಂಭಿಸಿದರು. ಅವರಲ್ಲಿ ಮೊದಲಿಗರಾದ ರೋಜಾನ್ ಎಂಬವರು 1958ರಲ್ಲಿ ಸ್ನೇಹಿತರೊಬ್ಬರ ಜೊತೆಗೆ ಜೂಜುಗಾರರ ಕೂಟವೊಂದಕ್ಕೆ ಹೋಗಿದ್ದರು. ಜೂಜನ್ನು ಬಿಡಲು ಹೆಣಗುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಕಥೆಯನ್ನು ಹೇಳಿದಾಗ, ಜೂಜನ್ನರಿಯದ ಆಕೆಗೆ ತಮ್ಮದೇ ಕಥೆಯನ್ನು ಕೇಳಿದಂತಾಯಿತು. ಇಂದು ಈ ಸಂಘದ ಕೂಟಗಳು ಎಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿವೆ. ದೂರವಾಣಿಯಲ್ಲಿಯೂ ಗಣಕಯಂತ್ರದ ಮೂಲಕವೂ ನಡೆಯುತ್ತಿರುವುದರಿಂದ ನಮ್ಮ ನಾಡಿನವರೂ ಮನೆಯಲ್ಲಿ ಕುಳಿತೇ ಅವುಗಳಲ್ಲಿ ಸೇರಬಹುದು.

ಈ ಸಂಘದ ಬೇರು ಇನ್ನೂ ಹಿಂದಿನದು. 1935ರ ಮೇ ತಿಂಗಳಲ್ಲಿ ವಿಲಿಯಂ ವಿಲ್ಸನ್ ಎಂಬವರು ವ್ಯಾಪಾರದ ಕೆಲಸವೊಂದಕ್ಕಾಗಿ ನ್ಯೂಯಾರ್ಕಿನಿಂದ ಓಹಾಯೋ ಪ್ರಾಂತದ ಆಕ್ರನ್ ಪಟ್ಟಣಕ್ಕೆ ಬಂದಿದ್ದರು. ಕೆಲಸ ಕೆಟ್ಟಿತು. ಕುಡಿತವನ್ನು ಬಿಟ್ಟು ಕೆಲವೇ ತಿಂಗಳುಗಳಾಗಿದ್ದ ಅವರಿಗೆ ಹೋಟೆಲಿನ ಪಾನಶಾಲೆಯ ಗದ್ದಲ ಕಿವಿಗೆ ಬಿದ್ದು, ಮನಸ್ಸು ಅತ್ತ ಎಳೆಯತೊಡಗಿತು. ಆಗ ಅವರು ದೂರವಾಣಿಯ ಬಳಿಗೆ ಹೋಗಿ ಆ ಊರಿನ ಸಭಾಪಾಲಕರನ್ನು ವಿಚಾರಿಸಿದರು. ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವಾಗಿ, ಆಕೆಯ ಮನೆಯಲ್ಲಿ ಅವರಿಗೆ ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯಾಯಿತು. ಕಾಲು ಗಂಟೆಗಿಂತ ಹೆಚ್ಚು ಕೂಡ್ರಲಾರೆನೆಂದು ಹೇಳಿ ಬಂದಿದ್ದ ಡಾಕ್ಟರು ಹಲವು ಗಂಟೆಗಳ ಮೇಲೆ ಎದ್ದರು. ಅವರು ಕಡೆಯ ಸಲ ಕುಡಿದದ್ದು ಅದೇ ವರ್ಷದ ಜೂನ್ 10ರಂದು. ಅಂದೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಮಾತೃಸಂಘದ ಹುಟ್ಟುದಿನವೆಂದು ಎಣಿಕೆ. ಡಾಕ್ಟರು 1950ರಲ್ಲಿ ತೀರಿಕೊಳ್ಳುವ ತನಕ ಮತ್ತೆ ಮದ್ಯವನ್ನು ಮುಟ್ಟಲಿಲ್ಲ.

ಇಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದಿದೆ. ವಿಲ್ಸನ್ನರು ಅಂದು ಡಾಕ್ಟರನ್ನು ಉದ್ಧರಿಸಲು ಹೋದವರಲ್ಲ. ತಮ್ಮನ್ನು ಉಳಿಸಿಕೊಳ್ಳಲು ಹೋದವರು. ಅದಕ್ಕೆ ಮುಂಚೆ ನ್ಯೂಯಾರ್ಕಿನಲ್ಲಿ ಎಷ್ಟೋ ಮಂದಿ ಕುಡುಕರಿಗೆ ಅವರು ಉಪದೇಶ ಮಾಡಿದ್ದರೂ ಒಬ್ಬನೂ ತಿರುಗಿರಲಿಲ್ಲ. ಆದರೆ ಉಪದೇಶ ಮಾಡುತ್ತಿದ್ದಷ್ಟು ಕಾಲ ತಾವು ಮಾತ್ರ ಕುಡಿಯದೆ ಉಳಿದಿದ್ದರು. ಆಕ್ರನ್ನಿನಲ್ಲಿ ಅವರು ಉಪದೇಶವನ್ನು ಬಿಟ್ಟು, ‘ನನಗೆ ನಿಮ್ಮ ಅಗತ್ಯವಿದೆ’ ಎಂಬ ಭಾವದಿಂದ ಮಾತಾಡಿದರು. ಕೊಡುವವನೂ ಬೇಡುವವನೂ ಒಬ್ಬನೇ ಆಗಿದ್ದುದರಿಂದ ಕೇಳುವವನಿಗೆ ಅವಮಾನವಾಗಲಿಲ್ಲ. ಈ ಸಂಘಗಳಲ್ಲಿ ಸೇವೆಯೆಂಬ ಶಬ್ದಕ್ಕೆ ಇರುವ ಅರ್ಥ ಇದೇ.

ಅತಿಭೋಜಿಗಳ ಕೂಟದ ಕ್ರಮ ಬಹಳ ಸರಳವಾದುದು. ಅಲ್ಲಿ ಅಧ್ಯಕ್ಷರ ಭಾಷಣವಿಲ್ಲ, ಹಾರತುರಾಯಿಗಳಿಲ್ಲ. ಅತಿಭೋಜನವನ್ನು ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಸೇರುವುದಕ್ಕೆ ಬೇಕಾದ ಅರ್ಹತೆ. ಪ್ರವೇಶಧನವಿಲ್ಲ, ಸದಸ್ಯರೇ ಕೈಲಾದಷ್ಟು ಹಾಕಿ ಖರ್ಚು ನಡೆಸುವರು, ಹೊರಗಿನವರ ದಾನವನ್ನು ಸ್ವೀಕರಿಸುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕೇಳುವರು. ನಡುವೆ ಬಾಯಿ ಹಾಕಿ ಬುದ್ಧಿ ಹೇಳುವ ಪದ್ಧತಿಯಿಲ್ಲ. ಅಲ್ಲಿ ಕಂಡವರ ಹೆಸರೂ ಕೇಳಿದ ಮಾತೂ ಹೊರಗೆ ಹೋಗಕೂಡದು. ಇಂತಿಷ್ಟೇ ಉಣ್ಣತಕ್ಕದ್ದೆಂದು ಸಂಘವು ಎಲ್ಲರಿಗೂ ಒಂದೇ ಪಥ್ಯವನ್ನು ವಿಧಿಸುವುದೂ ಇಲ್ಲ; ವೈದ್ಯರನ್ನೂ ಆಹಾರಶಾಸ್ತ್ರ ಬಲ್ಲವರನ್ನೂ ಕೇಳಿ ಪ್ರತಿಯೊಬ್ಬರೂ ತಮ್ಮ ನಿಯಮವನ್ನು ಗೊತ್ತುಮಾಡಿಕೊಳ್ಳುವರು. ಕುಡುಕನು ಸೀಸೆಯನ್ನು ಒಡೆದುಹಾಕಿ ಅದರ ಮುಖ ನೋಡದೆ ಬಾಳಬಹುದು. ಅತಿಭೋಜಿಯಾದವಳು ದಿನಕ್ಕೆ ಮೂರು ಬಾರಿ ತನ್ನ ಶತ್ರುವಿನ ಎದುರಿಗೇ ಎಲೆ ಹಾಕಿಕೊಂಡು ಕುಳಿತುಕೊಳ್ಳಬೇಕು. ಗೃಹಿಣಿಯಾದರೆ ಆ ಶತ್ರುವನ್ನು ತನ್ನ ಕೈಯಿಂದಲೇ ಬೇಯಿಸಿ ಬಡಿಸಬೇಕು. ಒಬ್ಬಂಟಿಯಾಗಿ ಅದನ್ನು ಎದುರಿಸುವುದು ಕಷ್ಟವೆಂದೇ ಅವಳಿಗೆ ಸಹವಾಸ ಬೇಕು.

ಈ ಸಂಘದವರು ಚೇತರಿಕೆಗೆ ಒಂಬತ್ತು ಸಾಧನಗಳನ್ನು ಹೇಳುವರು. ಊಟದ ನಿಯಮ, ಕೂಟಗಳಿಗೆ ಹೋಗುವುದು, ಮುಂದೆ ನಡೆದವರೊಬ್ಬರ ಆಸರೆ, ದೂರವಾಣಿಯಲ್ಲಿ ಮಾತು, ಬರೆಯುವುದು ಮೊದಲಾದವುಗಳ ಜೊತೆಗೆ ಸೇವೆಯೂ ಒಂದು. ಸೇವೆಯೆಂದರೆ ದೊಡ್ಡ ಕೆಲಸವೇನಲ್ಲ: ಕೊಠಡಿಯ ಬೀಗ ತೆಗೆಯುವುದು, ಕುರ್ಚಿ ಹಾಕುವುದು, ಹೊಸಬಳೊಬ್ಬಳು ಬಾಗಿಲಲ್ಲಿ ಅಳುಕಿ ನಿಂತರೆ ಒಳಗೆ ಕರೆಯುವುದು, ಮತ್ತೊಬ್ಬಳ ಮನಸ್ಸು ತಪ್ಪಲಿರುವ ಹೊತ್ತಿನಲ್ಲಿ ದೂರವಾಣಿಗೆ ಓಗೊಡುವುದು. ನಿನ್ನೆ ತಾನೇ ಬಂದವಳೂ ಇಂದು ಕುರ್ಚಿ ಹಾಕಬಹುದು. ಗುಣವಾದ ಮೇಲೆ ಸೇವೆ ಮಾಡತಕ್ಕದ್ದಲ್ಲ. ಸೇವೆ ಮಾಡುತ್ತ ಮಾಡುತ್ತ ಗುಣವಾಗತಕ್ಕದ್ದು.

ಈಗ ನಮ್ಮ ಶಾಲೆಯ ಕಡೆಗೆ ತಿರುಗಿ ನೋಡೋಣ. ಮಿಶನ್ ಶಾಲೆಗಳಲ್ಲಿ ಓದಿದ ನಮಗೆ ಸೇವೆಯೆಂಬುದು ಹೊಸ ಪಾಠವಲ್ಲ. ಹಿಡಿಯಕ್ಕಿ ಎತ್ತಿಟ್ಟು ಬಡವರಿಗೆ ಕೊಟ್ಟೆವು. ಆಸ್ಪತ್ರೆಗೆ ಹೋಗಿ ರೋಗಿಗಳ ಬಳಿ ಕೀರ್ತನೆ ಹಾಡಿದೆವು. ಕ್ರಿಸ್ಮಸ್ ಹಬ್ಬಕ್ಕೆ ಬಟ್ಟೆ ಹೊಲಿದು ಹಂಚಿದೆವು. ಈ ಶಿಕ್ಷಣವನ್ನು ನಾನು ಹಗುರವಾಗಿ ಕಾಣುವವಳಲ್ಲ. ನಮ್ಮ ಸೋದರಿಯರಲ್ಲಿ ಎಷ್ಟೋ ಮಂದಿ ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ತಾಯಂದಿರಾಗಿ ಆ ಪಾಠವನ್ನು ಬಾಳಿನಲ್ಲಿ ನಡೆಸಿ ತೋರಿಸಿದ್ದಾರೆ. ಆದರೂ ಅದರಲ್ಲಿ ಒಂದು ಕೊರತೆಯಿತ್ತೆಂದು ನನ್ನ ಅಭಿಪ್ರಾಯ. ಕೊಡುವುದನ್ನು ಕಲಿತೆವು, ತೆಗೆದುಕೊಳ್ಳುವುದನ್ನು ಕಲಿಯಲಿಲ್ಲ. ತುಂಬಿದವರು ಬರಿದಾದವರಿಗೆ ಕೊಡುವುದೇ ಸೇವೆಯೆಂದು ತಿಳಿದುಕೊಂಡದ್ದರಿಂದ, ‘ನಾನೂ ಬರಿದಾಗಿದ್ದೇನೆ’ ಎಂದು ಬಾಯಿಬಿಟ್ಟು ಹೇಳುವುದು ನಮಗೆ ಲಜ್ಜೆಯ ವಿಷಯವಾಯಿತು.

ಹೀಗೆ ಬೆಳೆದ ಹುಡುಗಿ ಗೃಹಿಣಿಯಾದ ಮೇಲೆ ಎಲ್ಲರಿಗೂ ಬಡಿಸುವಳು, ಕಡೆಗೆ ತಾನು ಉಣ್ಣುವಳು. ಅವಳು ಎಷ್ಟು ಉಂಡಳೆಂದಾಗಲಿ, ಯಾವ ಸಂಕಟದಿಂದ ಉಂಡಳೆಂದಾಗಲಿ ಕೇಳುವವರಿಲ್ಲ. ಈ ವ್ಯಾಧಿಗೆ ಎಲ್ಲರಲ್ಲಿಯೂ ಇದೇ ಕಾರಣವೆಂದು ನಾನು ಹೇಳುವುದಿಲ್ಲ, ಕಾರಣಗಳು ಅನೇಕ. ಆದರೆ ಇಂತಹ ಸೋದರಿಗೆ, ಇನ್ನೂ ಹೆಚ್ಚು ಸೇವೆ ಮಾಡು, ಮನಸ್ಸು ಹಗುರವಾಗುವುದು ಎಂದು ಬುದ್ಧಿ ಹೇಳಿದರೆ, ಅದು ಔಷಧವಾಗದೆ ಅವಳು ಮರೆಯಾಗಲು ಮತ್ತೊಂದು ತೆರೆಯಾಗುವುದು. ಅವಳಿಗೆ ಮೊದಲು ಬೇಕಾದದ್ದು ಅನ್ಯೋನ್ಯತೆ. ಸೇವೆ ಅದರೊಳಗಿನಿಂದ ಹುಟ್ಟಬೇಕು.

ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಕರ್ತನು ಶಿಷ್ಯರ ಪಾದಗಳನ್ನು ತೊಳೆದ ಸಂಗತಿಯನ್ನು ನಾವು ಎಷ್ಟೋ ಸಲ ಓದಿದ್ದೇವೆ. ಅದರಿಂದ ನಾವು ತೆಗೆಯುವ ನೀತಿ, ನಾವೂ ಇತರರ ಪಾದಗಳನ್ನು ತೊಳೆಯಬೇಕೆಂಬುದು. ಆದರೆ ಆ ಅಧ್ಯಾಯದಲ್ಲಿ ಪೇತ್ರನೂ ಇದ್ದಾನೆ. ತನ್ನ ಪಾದಗಳನ್ನು ತೊಳೆಯಗೊಡಲಾರೆನೆಂದು ಅವನು ಹಿಂಜರಿದನು. ತೊಳೆಸಿಕೊಳ್ಳದಿದ್ದರೆ ತನ್ನೊಂದಿಗೆ ಪಾಲಿಲ್ಲವೆಂದು ಕರ್ತನು ಅವನಿಗೆ ತಿಳಿಸಿದನು. ನಮ್ಮಲ್ಲಿ ಅನೇಕರು ಪೇತ್ರನ ಜಾತಿಯವರು. ಒಬ್ಬರ ಮುಂದೊಬ್ಬರು ತಪ್ಪುಗಳನ್ನು ಒಪ್ಪಿಕೊಳ್ಳಬೇಕೆಂಬ ಬೋಧನೆಯುಳ್ಳ ಯಾಕೋಬನ ಪತ್ರಿಕೆಯನ್ನು ಆಕ್ರನ್ನಿನ ಆ ಮೊದಲ ಗುಂಪಿನವರು ಬಹಳವಾಗಿ ಓದುತ್ತಿದ್ದರೆಂಬುದನ್ನೂ ನೆನೆಯಬಹುದು. ಅತಿಭೋಜಿಗಳ ಸಂಘದವರು ಪ್ರತಿವರ್ಷ ಡಿಸೆಂಬರ್ 12ನೆಯ ದಿನವನ್ನು ವಿಶೇಷವಾಗಿ ಆಚರಿಸುವರು; ಹೊರಗಿನವರನ್ನು ಕರೆತರುವುದಕ್ಕಲ್ಲ, ಸಂಘದೊಳಗೇ ಇದ್ದು ಇನ್ನೂ ನರಳುತ್ತಿರುವವರನ್ನು ವಿಚಾರಿಸುವುದಕ್ಕೆ. ಹಳೆಯ ವಿದ್ಯಾರ್ಥಿನಿಯರ ಸಂಘಗಳಲ್ಲಿಯೂ ಅಂತಹ ಒಂದು ದಿನವಿದ್ದರೆ ಎಷ್ಟು ಒಳ್ಳೆಯದು!

ಇದಕ್ಕೆ ಆಕ್ಷೇಪಣೆಗಳಿರುವುದನ್ನು ಬಲ್ಲೆನು. ಈ ಸಂಘದವರು ದೇವರನ್ನು ತಮತಮಗೆ ತಿಳಿದಂತೆ ನಂಬಬಹುದೆಂದು ಹೇಳುವುದು ಕೆಲವು ಕ್ರೈಸ್ತ ಬಂಧುಗಳಿಗೆ ಸರಿತೋರದು. ಆದರೆ ಅದು ಸಭೆಯಲ್ಲ, ಸಭೆಯ ಸ್ಥಾನವನ್ನು ಕೇಳುವುದೂ ಇಲ್ಲ. ನಮ್ಮ ಶಾಲೆಯ ಬೆಂಚುಗಳಲ್ಲಿ ಹಿಂದೂ, ಮುಸಲ್ಮಾನ, ಜೈನ, ಕ್ರೈಸ್ತ ಬಾಲಿಕೆಯರು ಒತ್ತೊತ್ತಾಗಿ ಕುಳಿತು ಕಲಿತರು. ಸಂಕಟದಲ್ಲಿಯೂ ಹಾಗೆಯೇ ಕುಳಿತುಕೊಳ್ಳಬಾರದೇಕೆ? ಮನೆಯ ಗುಟ್ಟು ಬೀದಿಗೆ ಬರುವುದೆಂದು ಹಿರಿಯರು ಅಂಜಬಹುದು. ಹೆಸರು ಹೇಳಿಕೊಳ್ಳದಿರುವ ನಿಯಮ ಇರುವುದು ಅದಕ್ಕಾಗಿಯೇ. ಇದು ವೈದ್ಯಕ್ಕೆ ಬದಲಲ್ಲವೆಂಬ ಆಕ್ಷೇಪಣೆಯಂತೂ ಪೂರ್ತಿಯಾಗಿ ಸರಿ. ಸಂಘದವರೂ ಹಾಗೆಂದೇ ಹೇಳುವರು. ಬಂದವರೆಲ್ಲರೂ ಗುಣವಾಗುವರೆಂದು ಭರವಸೆ ಕೊಡುವುದು ಮೋಸವಾದೀತು. ವೈದ್ಯರ ಬಳಿಗೆ ಹೋಗತಕ್ಕವರು ಹೋಗಲೇಬೇಕು. ಆದರೆ ವೈದ್ಯರು ರಾತ್ರಿ ಹತ್ತು ಗಂಟೆಗೆ ಅಡಿಗೆಮನೆಯಲ್ಲಿ ಜೊತೆಗಿರಲಾರರು. ಸಂಗಾತಿಯೊಬ್ಬಳ ದನಿ ಅಲ್ಲಿಯ ತನಕ ಬರಬಲ್ಲದು.

ತಾಯ್ತಂದೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು: ನೆಂಟರ ಮುಂದೆ ಮಗಳ ತುತ್ತುಗಳನ್ನು ಎಣಿಸಬೇಡಿರಿ, ತಿಂಡಿಪೋತಿಯೆಂದು ಹಾಸ್ಯ ಮಾಡಬೇಡಿರಿ. ಹಾಸ್ಯಕ್ಕಂಜಿ ಅವಳು ತಿನ್ನುವುದನ್ನು ಬಿಡುವುದಿಲ್ಲ, ನಿಮ್ಮ ಎದುರಿಗೆ ತಿನ್ನುವುದನ್ನು ಬಿಡುವಳು. ಸೋದರಿಯರಲ್ಲಿ ನನ್ನ ವಿಜ್ಞಾಪನೆ ಇದು: ವಾರಕ್ಕೊಂದು ಸಂಜೆ ನಮ್ಮ ಶಾಲೆಯ ಒಂದು ಕೊಠಡಿಯನ್ನು ಇಂತಹ ಕೂಟಕ್ಕೆ ತೆರೆದಿಡಲು ಆಡಳಿತದವರನ್ನು ಕೇಳೋಣ. ಅವರು ಸಣ್ಣ ಬಾಡಿಗೆ ಕೊಡಬಂದರೆ ಬೇಡವೆನ್ನಬಾರದು. ಋಣವಿಲ್ಲದೆ ಕೂಡಿಬರುವುದು ಅವರ ನಿಯಮ. ಬಂದವರ ಪಟ್ಟಿಯನ್ನು ಯಾರೂ ಬರೆದಿಡಬಾರದು. ನಾವು ಇಷ್ಟು ಮಂದಿಗೆ ಉಪಕಾರ ಮಾಡಿದೆವೆಂದು ವಾರ್ಷಿಕ ವರದಿಯಲ್ಲಿ ಓದಬಾರದು. ಬಾಗಿಲ ಬೀಗ ತೆಗೆದು, ದೀಪ ಹಚ್ಚಿ, ನಾವು ಹೊರಗೆ ಬರಬೇಕು. ನಮ್ಮಲ್ಲಿ ಯಾರಿಗೆ ಒಳಗೆ ಕುಳಿತುಕೊಳ್ಳುವ ಅಗತ್ಯವಿದೆಯೋ ಅವರು ನಾಚದೆ ಒಳಗೆ ಕುಳಿತುಕೊಳ್ಳಬೇಕು.

ಕೊಡುವ ಕೈಗಳನ್ನು ಬೆಳೆಸಿದ ಈ ವಿದ್ಯಾಮಂದಿರವು ತೆಗೆದುಕೊಳ್ಳುವ ಕೈಗಳನ್ನೂ ಮನ್ನಿಸುವಂತೆ ದಯಾಮಯನಾದ ದೇವರು ಅನುಗ್ರಹಿಸಲಿ.